ಲೊರ್ಸು ಮೇಸ್ತರ ಕಾಲುಭಾಗ

ಗೋವೆಯ ಕುರ್ತೊರಿಯಲ್ಲಿರುವ ನಮ್ಮ ಮನೆಯನ್ನು ದುರಸ್ತಿ ಮಾಡಿಸಲು ಮೊದಲ ಅಂದಾಜುಪಟ್ಟಿ ಬರೆದವನು ನಾನೇ. ಕಡಲತೀರದ ಒಂದು ಹೋಟೆಲಿನಲ್ಲಿ ಟವೆಲ್ ಎಣಿಸುವುದು ನನ್ನ ಉದ್ಯೋಗ. ನಾಲ್ಕು ವರ್ಷದಲ್ಲಿ ಬೆಳಗಿನ ಎಣಿಕೆಯೂ ಸಂಜೆಯ ಎಣಿಕೆಯೂ ಒಮ್ಮೆಯೂ ಹೊಂದಿಕೆಯಾಗಿಲ್ಲ. ಅದು ಗೊತ್ತಿದ್ದೂ ನನ್ನ ತಾಯಿ, ಮಾಯ್, ತನ್ನ ಹೊಲಿಗೆಯ ದುಡ್ಡನ್ನೂ ಅಪ್ಪ, ಪಾಯ್, ಬಿಟ್ಟುಹೋದ ದುಡ್ಡನ್ನೂ ಸೇರಿಸಿ ನಾಲ್ಕು ಲಕ್ಷ ರೂಪಾಯಿಯನ್ನು ನನ್ನ ಕೈಗಿತ್ತಳು. ಮನೆಯಲ್ಲಿ ಉಳಿದಿದ್ದ ಗಂಡಸು ನಾನೊಬ್ಬನೇ. ಬೇರೆ ಯಾವ ಅರ್ಹತೆಯೂ ನನಗಿರಲಿಲ್ಲ.

ಜನವರಿಯಲ್ಲಿ ಅಕ್ಕ ಇರ್ಮಾಳ ಮದುವೆ. ಅದಕ್ಕೆ ಮುಂಚೆ ಎರಡು ಕೆಲಸ ಆಗಬೇಕು. ಮನೆಯ ಸತ್ತವರ ಹೆಸರಿನಲ್ಲಿ ಬಡವರಿಗೆ ಊಟ. ಮರುದಿನ ರೋಸ್, ಹುಡುಗಿಯನ್ನು ಮನೆಯ ದೊಡ್ಡ ಕೋಣೆಯಾದ ಸಾಲೆಯಲ್ಲಿ ಕೂರಿಸಿ ತಲೆಯಿಂದ ತೆಂಗಿನ ಹಾಲು ಸುರಿಯುವುದು. ಈಗೀಗ ಊರಿನ ಅರ್ಧ ಜನ ಎರಡನ್ನೂ ಚರ್ಚಿನ ಹಾಲ್‌ನಲ್ಲಿ ಮುಗಿಸುತ್ತಾರೆ. ನಮ್ಮ ಮಾಡು ಸೋರುತ್ತಿತ್ತು, ಸಾಲೆಯ ಒಂದು ಮೂಲೆಯಲ್ಲಿ ಹೆಂಚಿನ ಚೂರು ಉದುರುತ್ತಿತ್ತು, ಆದ್ದರಿಂದ ನಾನೂ ಹಾಲ್ ಸಾಕು ಅಂದೆ. ಮಾಯ್ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತಲಿಲ್ಲ.

"ನಿಮ್ಮ ಪಾಯ್‌ಗೆ ಹಾಲ್‌ನ ದಾರಿ ಗೊತ್ತಿಲ್ಲ," ಅಂದಳು.

ಪಾಯ್ ತೀರಿಕೊಂಡು ಆರು ವರ್ಷವಾಗಿತ್ತು. ಬಡವರ ಊಟಕ್ಕೆ ಮನೆಯ ಸತ್ತವರೂ ಬರುತ್ತಾರೆಂದು ನಂಬಿಕೆ; ಮಗಳ ಮದುವೆಯ ಆ ಊಟಕ್ಕೆ ಅವರು ಬರಬೇಕು. ಅವರಿಗೆ ಗೊತ್ತಿರುವುದು ಈ ಮನೆಯೊಂದೇ. ಜನವರಿಯೊಳಗೆ ಅದು ಯಾರ ತಲೆಯ ಮೇಲೂ ಬೀಳದಂತೆ ನಿಲ್ಲಬೇಕಾಗಿತ್ತು.

ಟವೆಲ್ ಪುಸ್ತಕದ ಹಿಂಬದಿಯಲ್ಲಿ ಬರೆದ ನನ್ನ ಪಟ್ಟಿಯಲ್ಲಿ ಜಾರುವ ಗಾಜಿನ ಕಿಟಕಿಗಳಿದ್ದವು, ಅಡುಗೆಮನೆಗೆ ಕಪಾಟು, ಮುಖ ಕಾಣುವಂಥ ನೆಲ, ದೀಪ ಬಚ್ಚಿಟ್ಟ ಒಳತಾರಸಿ, ಹೊರಗೋಡೆಗೆ ಬಿಳಿ ಬಣ್ಣ. ಬಿಳಿ ಅರ್ಧ ಬೆಲೆಗೆ ಸಿಗುತ್ತಿತ್ತು. ಒಟ್ಟು ಮೂರು ಲಕ್ಷ ತೊಂಬತ್ತೆಂಟು ಸಾವಿರ. ಉಳಿದ ಎರಡು ಸಾವಿರಕ್ಕೆ 'ಇತರೆ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಾಗ ನನ್ನ ಬಗ್ಗೆ ನನಗೇ ಹೆಮ್ಮೆ ಅನಿಸಿತು. ಆ ವಾರವೆಲ್ಲ ಹೋಟೆಲಿನ ಬಿಳಿ ಟವೆಲ್‌ಗಳನ್ನು ಮಡಚುತ್ತ, ಗಾಜಿನಲ್ಲಿ ತೇಲುವ ನಮ್ಮ ಮನೆಯನ್ನು ನೋಡುತ್ತಿದ್ದೆ.

ಪಟ್ಟಿಯನ್ನು ತೋರಿಸಿ ಬಾ ಎಂದು ಮಾಯ್ ನನ್ನನ್ನು ಲೊರ್ಸು ಮೇಸ್ತರ ಹತ್ತಿರ ಕಳಿಸಿದಳು. ಎಪ್ಪತ್ತೆರಡು ವರ್ಷದ ಬಡಗಿ ಅವರು. ಹರೆಯದಲ್ಲಿ ಜುವಾರಿ ನದಿಯ ದಡದಲ್ಲಿ ಮಚ್ವೆಗಳನ್ನು ಕಟ್ಟುತ್ತಿದ್ದರು; ಮರದ ದೋಣಿ ಯಾರಿಗೂ ಬೇಡವಾದ ಮೇಲೆ ಮನೆಗಳ ಕಡೆ ತಿರುಗಿದರು. ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ಓದಿದರು.

"ಇದ್ರಲ್ಲಿ ಮಾಡು ಎಲ್ಲಿದೆ ಬಾಬಾ?"

"ಮಾಡು ಮೇಲಿದೆಯಲ್ಲ ಮೇಸ್ತ."

"ಮೇಲಿರೋದು ನಂಗೂ ಗೊತ್ತು. ಪಟ್ಟಿಯಲ್ಲಿ ಎಲ್ಲಿದೆ?"

ಇರಲಿಲ್ಲ. ಹುಟ್ಟಿದಾಗಿನಿಂದ ಇದ್ದದ್ದಕ್ಕೂ ಖರ್ಚು ಬರುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಆಮೇಲೆ ಅವರ ಬೆರಳು ಬಿಳಿ ಬಣ್ಣದ ಸಾಲಿಗೆ ಬಂತು. ನಮ್ಮ ಕಡೆ ಬಿಳಿ ಅಂದರೆ ಇಗರ್ಜಿ, ಚರ್ಚಿನ ಬಣ್ಣ. ಮನೆಗೆ ಹಳದಿ, ನೀಲಿ, ಕಾವಿ, ಏನಾದರೂ ಬಳಿಯಬಹುದು, ಬಿಳಿ ಮಾತ್ರ ಆಗದು. ಅಂಗಡಿಯವನು ಅರ್ಧ ಬೆಲೆಗೆ ಯಾಕೆ ಕೊಡುತ್ತಿದ್ದ ಎಂದು ಆಗ ತಿಳಿಯಿತು. ಪಾದ್ರಿಯವರು ಪೂಜೆಗೆ ಎಷ್ಟು ಗಂಟೆಗೆ ಬರುತ್ತಾರೆ ಎಂದಷ್ಟೇ ಕೇಳಿ ಮೇಸ್ತ ಪಟ್ಟಿಯನ್ನು ನನಗೆ ಮರಳಿಸಿದರು.

ಅವರ ಅಂದಾಜಿನ ರೀತಿಯೇ ಬೇರೆ. ಮೂರು ಮಧ್ಯಾಹ್ನ ಬಂದರು. ಮೊದಲ ದಿನ ಸಾಲೆಯ ನಡುವೆ ಕುರ್ಚಿ ಹಾಕಿಸಿ ಸುಮ್ಮನೆ ಕೂತರು. ಕಡಲಚಿಪ್ಪಿನ ಬಿಲ್ಲೆ ಕೂರಿಸಿದ ನಮ್ಮ ಹಳೆಯ ಕಿಟಕಿಗಳಿಂದ ಹಾಲಿನಂಥ ಬೆಳಕು ಬಂದು, ಗೋಡೆ ಹತ್ತಿ, ಇಳಿದು ಹೋಯಿತು. ನಿದ್ದೆ ಬಂದಿರಬೇಕು ಎಂದುಕೊಂಡೆ. ಸಂಜೆ ಕಣ್ಣು ತೆರೆದು, ಪಡುವಣ ಗೋಡೆ ಉಸಿರಾಡುತ್ತಿಲ್ಲ, ಒಳಗೆ ನೀರಿದೆ ಅಂದರು. ಎರಡನೆಯ ದಿನ ಬೆರಳ ಗೆಣ್ಣಿನಿಂದ ಬಾಗಿಲು, ಕಂಬ, ದಾರಂದಗಳನ್ನು ತಟ್ಟಿ ಕಿವಿಯಿಟ್ಟರು. ಮೂರನೆಯ ದಿನ ಮನೆಯವರಿಗೆ ಒಬ್ಬೊಬ್ಬರಿಗೂ ಎಲ್ಲಿ ಕೂತರೆ ಹಿತವೆಂದು ಕೇಳಿದರು. ಮಾಯ್ ಮೆಷಿನ್ನಿನ ಹತ್ತಿರ ಅಂದಳು, ಇರ್ಮಾ ಹಿಂಬಾಗಿಲ ಮೆಟ್ಟಿಲು ಅಂದಳು. ನಾನು ಹೋಟೆಲು ಅಂದೆ, ಅದನ್ನವರು ಬರೆದುಕೊಳ್ಳಲಿಲ್ಲ.

ಕೊನೆಗೆ ಅವರ ಪಟ್ಟಿಯಲ್ಲಿ ಇದ್ದದ್ದು ಮೂರೇ ಸಾಲು. ಮಾಡಿಗೆ ಎರಡು ಲಕ್ಷ ಹತ್ತು ಸಾವಿರ. ಒದ್ದೆ ಗೋಡೆಗೂ ಅಡುಗೆಮನೆಯ ಮೋರಿಗೂ ತೊಂಬತ್ತು ಸಾವಿರ. ಮೂರನೆಯ ಸಾಲಿನಲ್ಲಿ ಬರೀ ಒಂದು ಲಕ್ಷ, ಮುಂದೆ ಖಾಲಿ.

"ನಾಲ್ಕರಲ್ಲಿ ಒಂದು ಪಾಲು, ಕಾಣದೇ ಇರೋದಕ್ಕೆ," ಅಂದರು ಮೇಸ್ತ. "ಇದಕ್ಕೊಂದು ಹೆಸರು ಬರೀಬೇಡ ಬಾಬಾ. ಹೆಸರು ಬಂತೋ, ಖರ್ಚಾಯ್ತು."

ಆ ದುಡ್ಡನ್ನು ಬಟ್ಟೆಯಲ್ಲಿ ಕಟ್ಟಿ ಕಪಾಟಿನಲ್ಲಿಟ್ಟೆವು.

ಒಂದು ಭಾನುವಾರ ಮೇಸ್ತ ನನ್ನನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಅದನ್ನು ಕಟ್ಟಲು ಅವರಿಗೆ ಇಪ್ಪತ್ತೆರಡು ವರ್ಷ ಹಿಡಿದಿತ್ತು. ಒಂದು ಮಚ್ವೆ ನೀರಿಗಿಳಿದರೆ ಒಂದು ಕೋಣೆ. ಮಚ್ವೆ ಇಲ್ಲದ ವರ್ಷ ಗೋಡೆ ಎಲ್ಲಿತ್ತೋ ಅಲ್ಲೇ ನಿಲ್ಲುತ್ತಿತ್ತು. ಕೋಣೆಗಳಿಗೆ ದೋಣಿಗಳ ಹೆಸರೇ ಉಳಿದಿದ್ದವು. ಹೆಂಡತಿ ಕೊನ್ಸು "ಸಾಂತ ರೀತಾದಲ್ಲಿ ಕೂರಿ, ಚಹಾ ತರ್ತೀನಿ" ಅಂದು ಅಡುಗೆಮನೆಗೆ ಹೋದರು, ಆ ಅಡುಗೆಮನೆಯ ಹೆಸರು 'ಸಮುದ್ರದ ನಕ್ಷತ್ರ'. ಎಂಟು ವರ್ಷ ಅಡುಗೆಮನೆಗೆ ಮಾಡೇ ಇರಲಿಲ್ಲವಂತೆ. ಅನ್ನ ಬೇಯುವಾಗ ಅವರು ಪಾತ್ರೆಯ ಮೇಲೆ ಕೊಡೆ ಹಿಡಿಯುತ್ತಿದ್ದರಂತೆ. ಅದನ್ನು ದೂರಾಗಿ ಹೇಳಲಿಲ್ಲ, ಹರೆಯದ ಒಂದು ಪ್ರವಾಸವನ್ನು ನೆನೆಸಿಕೊಳ್ಳುವಂತೆ ಹೇಳಿದರು. ಆ ಮನೆಯಲ್ಲಿ ಕೂತಷ್ಟು ಹೊತ್ತು, ಕಾಲಡಿ ಏನೋ ಮೆಲ್ಲಗೆ ತೇಲುತ್ತಿದೆ ಎಂದೇ ಅನಿಸಿತು.

ಇಷ್ಟೆಲ್ಲ ಕಂಡು ಬಂದವನು ಬುದ್ಧಿ ಕಲಿಯಬೇಕಿತ್ತು. ಅಕ್ಟೋಬರಿನಲ್ಲಿ ಮಳೆ ನಿಂತು, ಹೆಂಚು ಇಳಿಸುವ ಮೊದಲೇ, ಮಡಗಾಂವಿನ ಅಂಗಡಿಯಲ್ಲಿ ಜಾರುವ ಗಾಜಿನ ಕಿಟಕಿಗಳು ಕಡಿಮೆಗೆ ಸಿಕ್ಕವು. ಬಟ್ಟೆಗಂಟಿನ ದುಡ್ಡು ಹೇಗೂ ಕಾಣದ್ದಕ್ಕೆ. ಕಾಣದ್ದಕ್ಕೆ ಕಾಯುವುದಕ್ಕಿಂತ ಕಾಣುವ ಇವೇ ಮೇಲು ಎಂದು ಇಪ್ಪತ್ತೈದು ಸಾವಿರ ತೆಗೆದೆ. ಕಿಟಕಿಗಳನ್ನು ಹಿತ್ತಲಲ್ಲಿ ಟಾರ್ಪಾಲು ಹೊದಿಸಿ ಬಚ್ಚಿಟ್ಟೆ. ಬೆಳಗಾಗುವಷ್ಟರಲ್ಲಿ ಕೋಳಿಗಳು ಟಾರ್ಪಾಲಿನ ಅಂಚು ಕೆದರಿ, ಗಾಜಿನಲ್ಲಿ ತಮ್ಮನ್ನು ತಾವೇ ನೋಡಿಕೊಳ್ಳುತ್ತಿದ್ದವು.

ನವೆಂಬರಿನ ಮೊದಲ ವಾರ ಹೆಂಚು ಕೆಳಗಿಳಿಯಿತು. ಮಾಡಿಲ್ಲದ ಸಾಲೆಯಲ್ಲಿ ಆಕಾಶ ತುಂಬಿಕೊಂಡಿತ್ತು. ಮೇಸ್ತ ಏಣಿ ಹತ್ತಿ ನಡುತೊಲೆಯನ್ನು ತಟ್ಟುತ್ತ ಹೋದವರು ಗೋಡೆಯ ಹತ್ತಿರ ನಿಂತರು. ಉಳಿ ಚುಚ್ಚಿದರು, ಹಿಡಿಯವರೆಗೆ ಒಳಗೆ ಹೋಯಿತು. ಹೊರಗೆ ಮರ, ಒಳಗೆ ಆರಡಿ ಉದ್ದಕ್ಕೆ ಗೆದ್ದಲಿನ ಮಣ್ಣು. ಹೊಸ ಮತ್ತಿಮರದ ತೊಲೆ, ಸಾಗಣೆ, ಎತ್ತಿ ಕೂರಿಸುವ ಕೂಲಿ ಎಲ್ಲ ಸೇರಿ ಒಂದು ಲಕ್ಷ ಅಂದರು. ಮಾಯ್ ನಿರಾಳವಾಗಿ ಕಪಾಟಿನ ಕಡೆ ಹೊರಟಳು. ಆಗ ನಾನು ಕಿಟಕಿಗಳ ವಿಷಯ ಹೇಳಲೇಬೇಕಾಯಿತು.

ಇರ್ಮಾ ಹಿತ್ತಲಿಗೆ ಹೋಗಿ ನೋಡಿಕೊಂಡು ಬಂದಳು.

"ಆ ದುಡ್ಡನ್ನೂ ಟವೆಲ್ ಅಂದ್ಕೊಂಡ್ಯೇನೋ?" ಅಂದಳು. ಕಣ್ಣು ತುಂಬಿತ್ತು. "ಬಿಡು ಮಾಯ್, ಹಾಲ್‌ಗೇ ಹೇಳೋಣ. ತೆಂಗಿನ ಹಾಲು ಎಲ್ಲಿ ಸುರಿದ್ರೂ ಜಿಡ್ಡೇ."

ಅಂಗಡಿಯವನು ಗಾಜನ್ನು ಮರಳಿ ತೆಗೆದುಕೊಳ್ಳಲಿಲ್ಲ. ಮೋರಿ ಆಗಲೇ ಅಗೆದಾಗಿತ್ತು, ಗೋಡೆ ಕೆರೆದಾಗಿತ್ತು. ಮಿಕ್ಕ ಯಾವ ಸಾಲಿನಿಂದಲೂ ತೆಗೆಯುವಂತಿರಲಿಲ್ಲ. ಮಾಯ್ ಮೆಷಿನ್ನಿನ ಮುಂದೆ ಹೋಗಿ ಕೂತಳು, ಹೊಲಿಯಲಿಲ್ಲ.

ಮೇಸ್ತ ಎರಡು ದಿನ ಬರಲಿಲ್ಲ. ಮೂರನೆಯ ದಿನ ಟೆಂಪೋದಲ್ಲಿ ಬಂದರು. ಹಿಂದೆ ಒಂದು ಮರ ಮಲಗಿತ್ತು, ಎಣ್ಣೆ ಕುಡಿದು ಕಪ್ಪಾದದ್ದು, ನದಿಯ ದಡದಲ್ಲಿ ಒಡೆಯುತ್ತಿದ್ದ ಹಳೆಯ ಮಚ್ವೆಯ ಅಡಿತೊಲೆ. ಇಡೀ ತೊಲೆ ಬದಲಿಸುವುದು ಬೇಡ, ಸತ್ತಷ್ಟನ್ನು ಕತ್ತರಿಸಿ ಇದನ್ನು ಬೆಸೆಯುತ್ತೇನೆ ಅಂದರು. ಮರಕ್ಕೂ ಕೂಲಿಗೂ ಸೇರಿ ಎಪ್ಪತ್ತಮೂರು ಸಾವಿರ.

"ನಿಲ್ಲುತ್ತಾ ಮೇಸ್ತ?" ಮಾಯ್ ಕೇಳಿದಳು.

"ದೋಣಿಯಲ್ಲಿ ನಿಂತಿದೆ ಬಾಯ್. ಮನೆ ಅಷ್ಟು ಕುಣಿಯಲ್ಲವಲ್ಲ."

ಎರಡು ಮರಗಳನ್ನೂ ಓರೆಯಾಗಿ, ಉದ್ದಕ್ಕೆ ಕೊರೆದು, ಒಂದರ ಮೇಲೊಂದು ಮಲಗಿಸಿ, ಮರದ ಗೂಟ ಹೊಡೆದರು. ಹನ್ನೊಂದು ದಿನ ಹಿಡಿಯಿತು. ನಾನು ರಜೆ ಹಾಕಿ ಗೂಟ ಕೆತ್ತುವ ಕೆಲಸಕ್ಕೆ ಕೂತೆ; ನಲವತ್ತು ಕೆತ್ತಿದ್ದರಲ್ಲಿ ಅವರಿಗೆ ಒಪ್ಪಿಗೆಯಾದದ್ದು ಒಂಬತ್ತು. ನನ್ನ ಮಟ್ಟಿಗೆ ಅದು ದಾಖಲೆ.

ಜನವರಿಯ ಹೊತ್ತಿಗೆ ಮಾಡು ನಿಂತಿತು, ಗೋಡೆ ಒಣಗಿತು, ಮೋರಿ ಹರಿಯಿತು. ಬಣ್ಣಕ್ಕೆ ದುಡ್ಡಿರಲಿಲ್ಲ. ಸುಣ್ಣದ ಗಾರೆಯ ಬೂದುಗೋಡೆಗಳ ನಡುವೆ ಸಾಲೆ ಇನ್ನೂ ಪೂರ್ತಿ ಎಚ್ಚರವಾಗದಂತೆ ಕಾಣುತ್ತಿತ್ತು. ಮೇಲೆ ಕಂದು ತೊಲೆ ಗೋಡೆ ಹತ್ತಿರವಾದಂತೆ ಕಪ್ಪಾಗುತ್ತಿತ್ತು. ತುಸು ಉಪ್ಪಿನ ವಾಸನೆಯೂ ಬರುತ್ತಿತ್ತು.

ಬಡವರ ಊಟದ ದಿನ ಹದಿಮೂರು ಜನ ಬಂದರು. ನೆಲದ ಮೇಲೆ ಚಾಪೆ ಹಾಸಿ ಕೂರಿಸಿದೆವು. ಅನ್ನ, ಮಸಾಲೆಯ ಸಾಂಬಾರೇತಿ, ಒಣಸಿಗಡಿ ಹಾಕಿದ ಸಾರು, ಕಡಲೆಬೇಳೆಯ ಪಾಯಸ ವೊಣ. ಪ್ರಾರ್ಥನೆಯಲ್ಲಿ ಪಾಯ್‌ನ ಹೆಸರು ಬಂದಾಗ ಇರ್ಮಾ ನನ್ನ ಕೈ ಹಿಡಿದಳು. ನಾನು ಟವೆಲ್ ಎಣಿಸುವವನಂತೆ ತಟ್ಟೆ ಎಣಿಸಿದೆ, ಹದಿನಾಲ್ಕಾಯಿತು. ಮತ್ತೆ ಎಣಿಸಿದೆ. ಈ ಸಲ ತಪ್ಪಿದ್ದು ನಾನಲ್ಲ. ಮಾಯ್ ಹದಿನಾಲ್ಕನೆಯದಕ್ಕೂ ಅನ್ನ ಬಡಿಸಿದಳು, ಪಾಯ್ ಉಣ್ಣುತ್ತಿದ್ದಷ್ಟೇ. ಬಾಗಿಲ ಕಡೆ ತಿರುಗಿ ನೋಡದೆ, ಸಾರು ತರಲು ಒಳಗೆ ಹೋದಳು.