ಮೂರು ಬೆರಳಿನ ಹಳದಿ ಪುಡಿ

ನಮ್ಮ ಮನೆಯ ಮುಂದೆ ಹಾದುಹೋಗುವವರು ಸೆರಗಿನಿಂದಲೋ ಕರ್ಚೀಫಿನಿಂದಲೋ ಮೂಗು ಮುಚ್ಚಿಕೊಳ್ಳುತ್ತಿದ್ದರು. ಮುಚ್ಚಿಕೊಳ್ಳಲಿ ಬಿಡಿ. ಅವರ ಮನೆಯ ಮದುವೆಯೂಟದಲ್ಲಿ ಮಿಕ್ಕಿದ ಅನ್ನ, ಸಾರು, ಪಲ್ಯವೆಲ್ಲ ಡ್ರಮ್ಮುಗಟ್ಟಲೆ ಎಲ್ಲಿಗೆ ಹೋಗುತ್ತಿತ್ತು? ನಮ್ಮ ಹಂದಿಗಳ ಹೊಟ್ಟೆಗೆ ತಾನೆ? ಭದ್ರಾವತಿಯಲ್ಲಿ ಕಾರ್ಖಾನೆಯ ಸೈರನ್ನಿಗೆ ಏಳುವ ಮನೆಗಳ ಸಾಲಿನಲ್ಲಿ ಕೊನೆಯದು ನಮ್ಮದು. ಅದರ ಹಿಂದೆ ತಗಡು ಹೊದಿಸಿದ ಹಂದಿಗೂಡು. ತೊಂಬತ್ತರ ದಶಕದ ಕೊನೆಯ ಮಾತಿದು. ನಾನು ಸೊಸೆಯಾಗಿ ಬಂದಾಗ ಆ ಗೂಡಿನಲ್ಲಿ ಹನ್ನೊಂದು ಹಂದಿಗಳಿದ್ದವು, ಅವುಗಳ ಮೇಲೆ ಒಬ್ಬ ಅತ್ತೆ ಇದ್ದರು.

ಗೂಡಿನ ಬೀಗದ ಕೈ ಸದಾ ಅತ್ತೆಯ ಸೊಂಟದಲ್ಲಿ. ನನ್ನ ಗಂಡ ಪಾಳಿಗೆ ಹೋಗುವ ಮೊದಲು ಸೈಕಲ್ಲಿನಲ್ಲಿ ಹೋಟೆಲುಗಳ ಮುಸುರೆ ತಂದು ಇಳಿಸುತ್ತಿದ್ದರು. ಅತ್ತೆ ಅದನ್ನು ಅರ್ಧಕ್ಕೆ ಕತ್ತರಿಸಿದ ಬ್ಯಾರಲ್ಲಿನಲ್ಲಿ ಕುದಿಸಿ, ತವುಡು ಸುರಿದು, ಕೊನೆಗೆ ಹಳೆಯ ಉಪ್ಪಿನಕಾಯಿ ಬಾಟಲಿಯಿಂದ ಹಳದಿ ಪುಡಿಯನ್ನು ಮೂರು ಬೆರಳಲ್ಲಿ ತೆಗೆದು ಉದುರಿಸಿ ಕಲಕುತ್ತಿದ್ದರು, ಸಾರಿಗೆ ಅರಿಶಿನ ಹಾಕಿದ ಹಾಗೆ. ಶಿವಮೊಗ್ಗದ ಅಂಗಡಿಯವನು ತವುಡಿನ ಚೀಲದ ಜೊತೆಗೆ ಅದರದ್ದೊಂದು ಪೊಟ್ಟಣವನ್ನೂ ಇಡುತ್ತಿದ್ದ. ಅದು ಆಂಟಿಬಯೋಟಿಕ್ ಎಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ನಮಗೆ ಅದು ಹಳದಿ ಪುಡಿ, ಅಷ್ಟೇ.

ನಾನು ಬಂದ ಎರಡನೆಯ ವರ್ಷ, ತಾಯಿಹಾಲು ಬಿಡಿಸಿದ ಎಂಟು ಮರಿಗಳಿಗೆ ಭೇದಿ ಹತ್ತಿಕೊಂಡಿತು. ದನದ ಡಾಕ್ಟರಮ್ಮ ಮೊಪೆಡ್ಡಿನಲ್ಲಿ ಬಂದರು. ಸಿರಿಂಜಿಗೆ ಔಷಧಿ ಎಳೆಯುವ ಮೊದಲು ಕೇಳಿದರು: "ಇವಕ್ಕೆ ಏನಾದ್ರೂ ಔಷಧಿ ಕೊಟ್ಟಿದ್ದೀರಾ?"

"ಔಷಧಿನೂ ಇಲ್ಲ, ಗಿವಷಧಿನೂ ಇಲ್ಲ ತಾಯಿ," ಅಂದರು ಅತ್ತೆ.

ಅವರು ಸುಳ್ಳು ಹೇಳಲಿಲ್ಲ. ದಿನಾ ಊಟಕ್ಕೆ ಉದುರಿಸುವುದನ್ನು ಔಷಧಿ ಎನ್ನುತ್ತಾರೆಯೇ? ನಾನೂ ಪಕ್ಕದಲ್ಲೇ ನಿಂತಿದ್ದೆ, ನನಗೂ ಹೊಳೆಯಲಿಲ್ಲ. ಮೂರು ದಿನ ಇಂಜೆಕ್ಷನ್ ಆಯಿತು. ಎಂಟರಲ್ಲಿ ಐದು ಮರಿ ಸತ್ತವು. ನಾಲ್ಕನೆಯ ದಿನ ಬಂದ ಡಾಕ್ಟರಮ್ಮನ ಕಣ್ಣಿಗೆ ಗೋಡೆಯ ಗೂಡಿನಲ್ಲಿದ್ದ ಬಾಟಲಿ ಬಿತ್ತು. ಪಕ್ಕದಲ್ಲಿದ್ದ ಪೊಟ್ಟಣವನ್ನೂ ಓದಿ ತಲೆ ಚಚ್ಚಿಕೊಂಡರು.

"ಇದೇನು ಮತ್ತೆ? ನಾನು ಚುಚ್ಚಿದ್ದೂ ಇದೇ ಜಾತಿ ಔಷಧಿ. ದಿನಾ ಚೂರುಚೂರು ತಿನ್ನಿಸಿ ಹೊಟ್ಟೆಯೊಳಗಿನ ಕ್ರಿಮಿಗಳಿಗೆ ಅಭ್ಯಾಸ ಮಾಡಿಸಿದ್ದೀರಾ. ಈಗ ಎಷ್ಟು ಚುಚ್ಚಿದ್ರೂ ಅವು ಕ್ಯಾರೇ ಅನ್ನಲ್ಲ."

ಐದು ಮರಿಗಳನ್ನು ನಾನೇ ಹಿತ್ತಲಲ್ಲಿ ಗುಂಡಿ ತೋಡಿ ಹೂತಿದ್ದೆ. ನನಗೆ ಸಿಟ್ಟು ಬಂದದ್ದು ಕಾಯಿಲೆಯ ಮೇಲಲ್ಲ, ನಮ್ಮ ಮೇಲೇ. ಗುದ್ದಲಿ ಮೂಲೆಗೆಸೆದು ಬಂದು ಅತ್ತೆಗೆ ಹೇಳಿದೆ: "ಇನ್ನು ಆ ಪುಡಿ ಈ ಗೂಡಿಗೆ ಬರಕೂಡದು."

"ನೀನ್ಯಾರೇ ಹೇಳೋಕೆ? ನಿನ್ನ ಗಂಡ ತೊಟ್ಟಿಲಲ್ಲಿದ್ದ, ನಿಮ್ಮ ಮಾವ ಹೋಗಿ ಇನ್ನೂ ತಿಂಗಳಾಗಿರಲಿಲ್ಲ. ಆವಾಗ ಈ ಓಣಿ ಹಂದಿಗಳೆಲ್ಲ ಪಟಪಟ ಅಂತ ಬಿದ್ದು ಸತ್ತವು. ಉಳಿದಿದ್ದು ನನ್ನವು ಮಾತ್ರ. ಈ ಬಾಟ್ಲಿಯಿಂದ!"

ಅಷ್ಟಕ್ಕೆ ಬಾಯಿ ಮುಚ್ಚಿಕೊಳ್ಳುವ ಜಾತಿಯವಳಲ್ಲ ನಾನು. "ಮುಂದಿನ ಸೂಲು ನನ್ನ ಕೈಗೆ ಬಿಡಿ, ನೋಡೇಬಿಡೋಣ," ಅಂದೆ.

ಅತ್ತೆ ಬೀಗದ ಕೈ ಬಿಚ್ಚಿ ನನ್ನ ಕಾಲ ಬಳಿ ಎಸೆದರು. "ತಗೋ. ಕಾಯಿಲೆ ಬಿದ್ದು ಒಂದು ಮರಿ ಸತ್ತರೂ ಇದು ವಾಪಸ್ ನನ್ನ ಸೊಂಟಕ್ಕೆ. ಆಮೇಲೆ ನೀನು ಗೂಡಿನ ಕಡೆ ತಲೆ ಹಾಕಂಗಿಲ್ಲ."

ಆ ಮನೆಯಲ್ಲಿ ಒಂದು ಪಾವು ಅಕ್ಕಿ ಬೇಕಾದರೂ ನಾನು ಕೇಳಿಯೇ ತೆಗೆಯಬೇಕಿತ್ತು. ನನ್ನ ಮಾತು ನಡೆಯುವ ಜಾಗ ಅಂತ ನನಗೆ ಮೊದಲು ಸಿಕ್ಕಿದ್ದೇ ಆ ಗೂಡು. ಅದನ್ನು ಸುಲಭಕ್ಕೆ ಬಿಡುವವಳಲ್ಲ ಎಂದುಕೊಂಡೆ.

ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಮಾಡಿದೆ. ನೆಲ ಉಜ್ಜಿ ಸುಣ್ಣ ಬಳಿದು ಒಣಗಿಸಿದೆ. ಒಣ ಹುಲ್ಲು ಹಾಸಿದೆ. ಗೂಡಿಗೇ ಅಂತ ಬೇರೆ ಚಪ್ಪಲಿ ಇಟ್ಟೆ. ತಾಯಿ ಹಂದಿಯ ಕೆಚ್ಚಲು ತೊಳೆಯುತ್ತಿದ್ದಾಗ ಓಣಿಯ ಹೆಂಗಸರು ಬೇಲಿಗೆ ಆತು ನಿಂತು, "ಹಂದಿಗೂ ಬಾಣಂತನ ಮಾಡ್ತಾಳಂತೆ ಕಣ್ರೇ," ಎಂದು ನಕ್ಕರು. "ಹೂಂ ಮಾಡ್ತೀನಿ. ನಿಮ್ಮತ್ತೆ ನಿಮಗೆ ಮಾಡಿದ್ದಕ್ಕಿಂತ ಚೆನ್ನಾಗೇ ಮಾಡ್ತೀನಿ," ಅಂದೆ. ಆಮೇಲೆ ಬೇಲಿಯ ಹತ್ತಿರ ಯಾರೂ ಬರಲಿಲ್ಲ.

ಒಂಬತ್ತು ಮರಿಗಳಾದವು. ಮೊದಲೆಲ್ಲ ತಿಂಗಳಿಗೇ ಹಾಲು ಬಿಡಿಸುತ್ತಿದ್ದೆವು; ಅಷ್ಟು ಬೇಗ ಬಿಡಿಸಿದ್ದಕ್ಕೇ ಭೇದಿ ಹತ್ತುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರಿಂದ ಇನ್ನೂ ಮೂರು ವಾರ ತಾಯಿಯ ಜೊತೆಗೇ ಬಿಟ್ಟೆ. ಒಂದಕ್ಕೂ ಏನೂ ಆಗಲಿಲ್ಲ. ನಾನು ಓಣಿಯಲ್ಲಿ ಎದೆಯೆತ್ತಿ ನಡೆದೆ.

ಹಾಲು ಬಿಡಿಸಿದ ಆರನೆಯ ದಿನ ಮೂರು ಮರಿಗಳಿಗೆ ಭೇದಿ ಶುರುವಾಯಿತು. ಮೂರನ್ನೂ ಬೇರೆ ಮಾಡಿ, ಉಪ್ಪು ಸಕ್ಕರೆ ನೀರು ಕುಡಿಸುತ್ತಾ ಕೂತೆ. ಸಂಜೆಯ ಹೊತ್ತಿಗೆ ಒಂದು ಮರಿ ಏಳಲಾರದಂತಾಯಿತು. ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು. ನಾನು ಬೀಗದ ಕೈಯನ್ನು ಸೊಂಟದೊಳಕ್ಕೆ ಇನ್ನಷ್ಟು ಸಿಕ್ಕಿಸಿಕೊಂಡೆ.

ಡಾಕ್ಟರಮ್ಮ ಬಂದರು. ಅದೇ ಮಾತು: "ಇವಕ್ಕೆ ಏನಾದ್ರೂ ಕೊಟ್ಟಿದ್ದೀರಾ?"

"ಇಲ್ಲ ಮೇಡಂ. ಒಂದು ಚಿಟಿಕೆ ಕೂಡ ಇಲ್ಲ," ಅಂದೆ ಜಂಬದಿಂದ.

ಅವರು ಸಿರಿಂಜಿಗೆ ಸೂಜಿ ಸಿಕ್ಕಿಸಿದರು. ಅಷ್ಟರಲ್ಲಿ ಅತ್ತೆ ಒಳಗೆ ಬಂದು ಬಲಗೈ ಚಾಚಿದರು. ಬೀಗದ ಕೈ ಕೇಳುತ್ತಿದ್ದಾರೆ ಎಂದುಕೊಂಡು ನಾನು ಸೊಂಟದ ಮೇಲೆ ಕೈಯಿಟ್ಟೆ. ಆದರೆ ಅವರು ಡಾಕ್ಟರಮ್ಮನಿಗೆ ಬೆರಳು ತೋರಿಸುತ್ತಿದ್ದರು. ಮೂರು ಬೆರಳ ತುದಿಯಲ್ಲೂ ಹಳದಿ.

"ಅವಳಿಗೆ ಗೊತ್ತಿಲ್ಲ. ಹಾಲು ಬಿಡಿಸಿದಾಗಿಂದ ದಿನಾ ಹಾಕಿದ್ದೀನಿ. ಅವಳು ನೀರಿಗೆ ಹೋದಾಗ."

ಡಾಕ್ಟರಮ್ಮ ಕೈಯಲ್ಲಿದ್ದ ಸೀಸೆಯನ್ನು ಚೀಲಕ್ಕೆ ವಾಪಸ್ ಹಾಕಿ ಬೇರೆ ಜಾತಿಯದೊಂದನ್ನು ತೆಗೆದರು. ಕಾಯಿಲೆ ಬಿದ್ದ ಮೂರಕ್ಕೆ ಮಾತ್ರ ಚುಚ್ಚಿದರು. "ಐದು ದಿನ ಬರ್ತೀನಿ. ಎದ್ದು ಓಡಾಡ್ತಿವೆ ಅಂತ ಮಧ್ಯದಲ್ಲಿ ಸಾಕು ಅನ್ನಬೇಡಿ," ಅಂದರು.

ಅವರು ಹೋದ ಮೇಲೆ ನಾನು ಅತ್ತೆಯ ಮೇಲೆ ಹರಿಹಾಯ್ದೆ. ಬಾಯಿಗೆ ಬಂದದ್ದೆಲ್ಲ ಅಂದೆ, ಈಗ ಅದನ್ನೆಲ್ಲ ಬರೆಯಲಾರೆ. ನಾನು ಅಂದಷ್ಟನ್ನೂ ಅವರು ಅನ್ನಿಸಿಕೊಂಡರು.

"ಹೆದರಿಕೆ ಕಣೇ ಮಾರಾಯ್ತಿ. ಬ್ಯಾರಲ್ ಮುಂದೆ ನಿಂತ್ರೆ ಕೈ ತಾನಾಗೇ ಹೋಗುತ್ತೆ."

"ಮತ್ತೆ ಯಾಕೆ ಬಾಯಿ ಬಿಟ್ರಿ? ಸುಮ್ನಿದ್ದಿದ್ರೆ ಮರಿ ಸಾಯ್ತಿತ್ತು, ಬೀಗದ ಕೈ ನಿಮಗೇ ಬರ್ತಿತ್ತು."

"ಹೋದ ಸಲ ಐದು ಮರಿ ನನ್ನ ಬಾಯಿಂದ ಸತ್ತವು," ಅಂದರು ಅತ್ತೆ. "ಸಾಕು."

ನನಗೆ ಅಳು ಬಂತು. ಅವರ ಮುಂದೆ ಅಳಬಾರದೆಂದು ಹುಲ್ಲು ತರುವ ನೆಪ ಮಾಡಿ ಹಿತ್ತಲಿಗೆ ಹೋದೆ. ಮೂರನೆಯ ದಿನ ಆ ಮರಿ ಎದ್ದು ನಿಂತು ನನ್ನ ಸೀರೆಯ ಅಂಚು ಜಗಿಯಿತು. ಒಂಬತ್ತೂ ಉಳಿದವು.

ಮುಂದಿನ ತಿಂಗಳು ತವುಡು ತರಲು ಅತ್ತೆ ಮತ್ತು ನಾನು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದೆವು. ಅಂಗಡಿಯವನು ಎಂದಿನಂತೆ ಚೀಲದ ಮೇಲೆ ಪೊಟ್ಟಣ ಇಟ್ಟ. ನಾನು ಜಗಳಕ್ಕೆ ಬಾಯಿ ತೆರೆಯುವ ಮೊದಲೇ ಅತ್ತೆ ಅದನ್ನು ಮೂರು ಬೆರಳಲ್ಲಿ ಎತ್ತಿ ಅವನ ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿದರು.

"ಸುಮ್ನೆ ಹಾಕಮ್ಮ, ಬೇಗ ಮೈ ತುಂಬ್ಕೋತವೆ," ಅಂದ ಅವನು.

"ಇದು ಔಷಧಿ ಕಣಯ್ಯ," ಅಂದರು ಅತ್ತೆ, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ. "ನಮ್ಮನೇಲಿ ಯಾರಿಗೂ ಕಾಯಿಲೆ ಇಲ್ಲ."