ಅರುಂಧತಿ ಭಟ್ಟರ ದುರ್ಬೀನು

ಲಕ್ಷ್ಮೇಶ್ವರದಲ್ಲಿ ಮದುವೆ ಮಾಡಿಸುವ ಭಟ್ಟರಿಗೇನೂ ಬರವಿರಲಿಲ್ಲ. ಆದರೆ ಮಾರ್ತಾಂಡಭಟ್ಟರು ಬಂದರೆಂದರೆ ಬೀಗರ ಎದೆ ಧಸಕ್ಕೆನ್ನುತ್ತಿತ್ತು. ಬೇರೆಯವರಾದರೆ ಹಾಡಹಗಲಲ್ಲೇ ಉತ್ತರಕ್ಕೆ ಬೆರಳು ಮಾಡಿ, "ಅಗೋ ಅರುಂಧತಿ" ಎಂದು, ಮದುಮಕ್ಕಳ ಬಾಯಿಂದ "ಕಂಡಳು" ಎನ್ನಿಸಿ, ಎಲೆಯ ಮುಂದೆ ಕುಳಿತುಬಿಡುವರು. ಮಾರ್ತಾಂಡಭಟ್ಟರಲ್ಲಿ ಆ ಆಟ ನಡೆಯುತ್ತಿರಲಿಲ್ಲ. ಕತ್ತಲಾಗಬೇಕು. ಸಪ್ತರ್ಷಿಗಳ ಬಾಲದಲ್ಲಿ ನಡುವಿನ ಚುಕ್ಕೆ ವಸಿಷ್ಠ, ಅವನ ಪಕ್ಕದಲ್ಲಿ ಮಿಣುಕುವ ಸಣ್ಣ ಚುಕ್ಕೆ ಅರುಂಧತಿ. ಇಬ್ಬರನ್ನೂ ಬಿಡಿಬಿಡಿಯಾಗಿ ಕಂಡು, ಅವಳು ಅವನ ಯಾವ ಮಗ್ಗುಲಿಗಿದ್ದಾಳೆಂದು ಹೇಳುವತನಕ ಮದುಮಕ್ಕಳಿಗೆ ಊಟವಿಲ್ಲ.

ಜೋಳದ ವ್ಯಾಪಾರಿ ಪುಂಡಲೀಕಪ್ಪನ ಮಗನ ಮದುವೆಯ ಸಂಜೆ ಮೋಡ ಕವಿಯಿತು. ಭಟ್ಟರು ಮೋಡ ಸರಿಯುವವರೆಗೆ ಹುಡುಗನನ್ನು ಅಂಗಳದಲ್ಲೇ ನಿಲ್ಲಿಸಿದರು.

"ಭಟ್ರ, ಅಡಿಗಿ ಆರಾಕ ಹತ್ತೈತ್ರಿ. ಹುಡುಗ ಮುಂಜಾನಿಂದ ಉಪಾಸ ಐತಿ" ಎಂದು ಪುಂಡಲೀಕಪ್ಪ ಕೈಮುಗಿದ.

"ನನ್ನ ಮದಿವ್ಯಾಗ ನನ್ನ ಹೆಂಡ್ತಿ ಹತ್ತು ವರ್ಷದ ಹುಡುಗಿ. ಬೆರಳು ಮಾಡೋದ ತಡ, ಕಂಡಳು ಅಂದ್ಲು. ನಿನ್ನ ಮಗಗ ಏನ್ ಧಾಡಿ?" ಎಂದರು ಭಟ್ಟರು.

ಪ್ರತಿ ಮದುವೆಯಲ್ಲೂ ಇದೇ ಮಾತು. ಊರವರು ಅವರಿಗೆ ಅರುಂಧತಿ ಭಟ್ಟರೆಂದೇ ಹೆಸರಿಟ್ಟಿದ್ದರು. ಹಿಂದಿನಿಂದ ನಕ್ಕರೂ ಮಗಳ ಮದುವೆಗೆ ಅವರನ್ನೇ ಕರೆಯುತ್ತಿದ್ದರು. ಅವರು ತೋರಿಸಿದ ಅರುಂಧತಿ ಖರೆ ಅರುಂಧತಿ ಎಂಬ ನಂಬಿಕೆ.

ಅಂಥ ಭಟ್ಟರಿಗೆ, ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷದ ಬೇಸಿಗೆಯಲ್ಲಿ, ಅರುಂಧತಿ ಕಾಣಲಿಲ್ಲ.

ವಸಿಷ್ಠನೇನೋ ಇದ್ದ, ಹಿಂಜಿದ ಅರಳೆಯ ಹಾಗೆ ಮಸುಕಾಗಿ. ಪಕ್ಕದಲ್ಲಿ ಯಾರೂ ಇರಲಿಲ್ಲ. ಭಟ್ಟರು ಕಣ್ಣುಜ್ಜಿದರು, ಪಂಚೆಯ ಸೆರಗಿನಿಂದ ಒರೆಸಿದರು, ಮತ್ತೆ ನೋಡಿದರು. ಯಾರ ಕಣ್ಣಿಗೆ ಅರುಂಧತಿ ಕಾಣುವುದಿಲ್ಲವೋ ಅವನ ಆಯುಷ್ಯ ಇನ್ನು ಆರೇ ತಿಂಗಳು ಎಂದು ಅವರ ತಂದೆ ಹೇಳಿಕೊಟ್ಟಿದ್ದರು. ಐವತ್ತೆಂಟು ವರ್ಷದ ಗಟ್ಟಿ ಆಳು, ಎರಡು ರೊಟ್ಟಿ ಹೆಚ್ಚಿಗೇ ತಿನ್ನುವವರು, ಆ ರಾತ್ರಿ ಊಟ ಬಿಟ್ಟು ಮಲಗಿದರು.

ಯಾರಿಗೂ ಹೇಳಲಿಲ್ಲ. ಹೋಗುವ ಸಿದ್ಧತೆ ಮಾತ್ರ ಶಿಸ್ತಾಗಿ ಮಾಡಿಕೊಂಡರು. ಕೊರ್ಲಹಳ್ಳಿಗೆ ಹೋಗಿ ತುಂಗಭದ್ರೆಯಲ್ಲಿ ಮೂರು ಮುಳುಗು ಹಾಕಿ ಬಂದರು. ತಮ್ಮ ಒಳ್ಳೆಯ ಶಾಲನ್ನು ಹೆಂಡತಿಯ ತಮ್ಮ ವೆಂಕಟೇಶನಿಗೆ ಕೊಟ್ಟರು. ಆಗಸ್ಟಿನಲ್ಲಿ ಊರೆಲ್ಲ ಧ್ವಜ ಏರಿಸಿ ಪೇಢೆ ಹಂಚಿದಾಗ ಎರಡು ತೆಗೆದುಕೊಂಡರು, ಒಂದು ಸ್ವಾತಂತ್ರ್ಯದ್ದು, ಇನ್ನೊಂದು ತಮ್ಮ ಬಾಳಿನ ಕೊನೆಯದ್ದೆಂದು. ದೀಪಾವಳಿ ಬಂತು, ಹೋಯಿತು. ಆರು ತಿಂಗಳು ತುಂಬಿದವು. ಭಟ್ಟರು ಸಾಯಲಿಲ್ಲ. ಕೊಟ್ಟ ಶಾಲನ್ನು ಹಿಂದಕ್ಕೆ ಕೇಳುವ ಹಾಗೂ ಇರಲಿಲ್ಲ, ಆ ಚಳಿಗಾಲವನ್ನು ನಡುಗುತ್ತಲೇ ಕಳೆದರು.

ಲೆಕ್ಕ ಎಲ್ಲಿ ತಪ್ಪಿತೆಂದು ತಿಳಿಯದೆ ಹೊಸದಾಗಿ ಆರು ತಿಂಗಳು ಎಣಿಸತೊಡಗಿದರು. ಆದರೆ ಸಾವಿಗಿಂತ ಹೆಚ್ಚಾಗಿ ಅವರನ್ನು ಕೊರೆದದ್ದು ಬೇರೆ. ಮದುವೆಗಳಲ್ಲಿ ಬೆರಳು ಮಾಡಿ, "ಯಾವ ಮಗ್ಗಲಕ್ಕ?" ಎಂದು ಕೇಳುವರು, ಹುಡುಗ ಏನು ಹೇಳಿದರೂ "ಆತು, ನಡೀರಿ ಊಟಕ್ಕ" ಎನ್ನುವರು. ಭಟ್ಟರು ಮೆತ್ತಗಾದರೆಂದು ಜನ ಖುಷಿಪಟ್ಟರು. ಭಟ್ಟರು ಮಾತ್ರ ಊಟಕ್ಕೆ ಕೂರದೆ ಮನೆಗೆ ನಡೆದುಬಿಡುತ್ತಿದ್ದರು. ಇಷ್ಟು ವರ್ಷ ಯಾರನ್ನು ಕಳ್ಳರೆಂದು ಬೈದಿದ್ದರೋ ಈಗ ತಾವೂ ಅವರ ಸಾಲಿನಲ್ಲೇ ನಿಂತಿದ್ದರು.

ಮರುವರ್ಷ, ಲಕ್ಷ್ಮೇಶ್ವರವನ್ನು ಆಳುತ್ತಿದ್ದ ಮಿರಜ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು. ಊರಲ್ಲಿದ್ದ ಸಂಸ್ಥಾನದ ಅಧಿಕಾರಿಯೊಬ್ಬರು ಗಂಟುಮೂಟೆ ಕಟ್ಟುವಾಗ, ತಮ್ಮ ಮಗಳ ಮದುವೆ ಮಾಡಿಸಿದ ನೆನಪಿಗೆಂದು ಭಟ್ಟರ ಕೈಗೆ ಒಂದು ಹಿತ್ತಾಳೆಯ ದುರ್ಬೀನು ಕೊಟ್ಟರು. ಮೊಳದುದ್ದದ್ದು, ಒಂದರೊಳಗೊಂದು ಸೇರುವ ಮೂರು ನಳಿಗೆಗಳದ್ದು. ಭಟ್ಟರು ಅದನ್ನು ಪಂಚಪಾತ್ರೆಯಷ್ಟೇ ಮಡಿಯಿಂದ ಮನೆಗೆ ತಂದರು.

ವೈಶಾಖದ ಅಮಾವಾಸ್ಯೆ ಹತ್ತಿರವಿತ್ತು, ಆಕಾಶ ತಿಳಿಯಾಗಿತ್ತು. ಕೆಳಗೆ ಹೆಂಡತಿ ಸುಂದರಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಭಟ್ಟರು ಅರ್ಧ ಚೀಲ ಜೋಳವನ್ನು ಮಾಳಿಗೆಗೆ ಹೊತ್ತು, ಅದರ ಮೇಲೆ ದುರ್ಬೀನು ಒರಗಿಸಿ, ಅಂಗಾತ ಮಲಗಿ ಕಣ್ಣಿಟ್ಟರು. ಚುಕ್ಕೆಗಳು ಹಂಚಿನ ಮೇಲಿನ ಅರಳಿನಂತೆ ಪುಟಿದವು. ನಳಿಗೆಯನ್ನು ಎಳೆದರು, ದೂಡಿದರು, ಉಸಿರು ಹಿಡಿದರು. ಮಸುಕು ಹೋಗಿ ವಸಿಷ್ಠ ಸೂಜಿಯ ಮೊನೆಯಷ್ಟು ಚೊಕ್ಕವಾಗಿ ಕಂಡ. ಅವನಿಗೆ ಅಂಟಿಕೊಂಡೇ ಇನ್ನೊಂದು ಚುಕ್ಕೆ!

"ಕಂಡಳು! ಕಂಡಳು!"

ಗಂಡ ಬಿದ್ದರೆಂದೇ ತಿಳಿದು ಸುಂದರಾಬಾಯಿ ಹಿಟ್ಟಿನ ಕೈಯಲ್ಲೇ ನಿಚ್ಚಣಿಕೆ ಹತ್ತಿ ಬಂದಳು. ಭಟ್ಟರ ಕಣ್ಣಲ್ಲಿ ನೀರು. "ನೋಡು, ಅರುಂಧತಿ ಸಿಕ್ಲು" ಎಂದು ಜಾಗ ಬಿಟ್ಟರು. ಅವಳು ಕಣ್ಣಿಟ್ಟು ಬಹಳ ಹೊತ್ತು ನೋಡಿದಳು.

"ಇಲ್ಲಿ ಮೂರು ಅವರೀ."

"ಎರಡ ನೋಡು. ಆ ಕಡೀಕಿರೋದು ಯಾರೋ ದಾರಿಹೋಕ."

ಸುಂದರಾಬಾಯಿ ದುರ್ಬೀನು ಬಿಟ್ಟು ಬರಿಗಣ್ಣಿನಿಂದ ನೋಡಿದಳು, ಮತ್ತೆ ದುರ್ಬೀನಿನಿಂದ ನೋಡಿದಳು. "ಬರೇ ಕಣ್ಣಿಗೆ ಎರಡ. ದೊಡ್ಡದೊಂದು, ಅದರಿಂದ ತುಸು ದೂರ ಸಣ್ಣದೊಂದು. ಇದರಾಗ ನೋಡಿದ್ರ ದೊಡ್ಡದ ಎರಡಾಗ್ತದ. ವಸಿಷ್ಠರ ಮಗ್ಗಲಾಗ ಒಬ್ಬಾಕಿ, ದೂರ ಒಬ್ಬಾಕಿ. ಇದೆಂಥಾ ಸಂಸಾರರೀ?"

ಭಟ್ಟರ ಸಂತೋಷ ಜರ್ರನೆ ಇಳಿಯಿತು. ತಾವು ಕಂಡದ್ದು ಅರುಂಧತಿಯೇ ಅಲ್ಲವೇ? ಹಾಗಾದರೆ ಮತ್ತೆ ಆರು ತಿಂಗಳು! ಸಾಕ್ಷಿಗೆ ಇದ್ದವಳು ಇವಳೊಬ್ಬಳೇ.

"ನಮ್ಮ ಮದಿವ್ಯಾಗ ನೀ ಕಂಡಾಕಿ ಯಾವಾಕಿ? ಹತ್ರ ಇದ್ದಳೋ, ದೂರ ಇದ್ದಳೋ? ನೆನಪು ಮಾಡ್ಕೋ."

ಸುಂದರಾಬಾಯಿ ಕೈಗೆ ಅಂಟಿದ ಹಿಟ್ಟನ್ನು ಉಜ್ಜತೊಡಗಿದಳು.

"ಹೇಳು ಅಂದೆ."

"ನಾ ಕಂಡೇ ಇಲ್ಲರೀ."

"ಏನಂದಿ?"

"ಅವತ್ತು ಭಾಳ ಹಸಿವಾಗಿತ್ತು. ಒಳಗ ಬುಂದಿ ಉಂಡಿ ಕಟ್ಟೋ ವಾಸನಿ ಬರ್ತಿತ್ತು. ಕಂಡಳು ಅಂದ್ರ ಊಟ ಅಂತ ನಮ್ಮವ್ವ ಹೇಳಿದ್ಲು. ಅಂದೆ."

ನಲವತ್ತು ವರ್ಷ ಊರಿನ ಮದುಮಕ್ಕಳನ್ನೆಲ್ಲ ಹಸಿದ ಹೊಟ್ಟೆಯಲ್ಲಿ ನಿಲ್ಲಿಸಿದ ಮಾತು ಅದು. ಭಟ್ಟರು ಜೋಳದ ಚೀಲದ ಮೇಲೆ ಕುಸಿದು ಕುಳಿತರು.

"ಆಮ್ಯಾಲರ ನೋಡ್ಬೇಕಿತ್ತಲ್ಲ?"

"ಯಾರು ಕರದು ತೋರಿಸಿದ್ರು? ಊರ ಮಂದಿಗೆಲ್ಲ ತೋರಿಸಿದ್ರಿ. ನನಗ ಸಂಜಿ ಆತಂದ್ರ ಒಲಿ." ಅವಳ ದನಿ ಸಣ್ಣಗಾಯಿತು. ಕೂಡಲೇ ಮತ್ತೆ ಏರಿತು. "ಮತ್ತ, ಆರು ತಿಂಗಳು ಅಂತ ಹೊಳಿಗೆ ಹೋಗಿ ಮುಳುಗಿ ಬಂದದ್ದು ನನಗ ಗೊತ್ತಿಲ್ಲಂತ ತಿಳಕೊಂಡೀರೇನು? ಶಾಲು ಕೊಟ್ಟಾಗ ವೆಂಕಟೇಶ ಕೇಳಿದ, ಭಾವಗ ಏನಾಗೇದ ಅಂತ. ನಾ ನಲವತ್ತು ವರ್ಷ ಅರುಂಧತಿ ಕಂಡಿಲ್ಲ. ಸತ್ತೇನೇನು?"

ಭಟ್ಟರು ಹೆಂಡತಿಯ ಮುಖವನ್ನೇ ನೋಡಿದರು. ಮೊದಲು ಅವರ ಹೊಟ್ಟೆ ಅಲುಗಿತು, ಆಮೇಲೆ ಭುಜ ಅಲುಗಿತು, ಕೊನೆಗೆ ಪಕ್ಕದ ಮಾಳಿಗೆಗೂ ಕೇಳುವ ಹಾಗೆ ನಕ್ಕರು. ವರ್ಷದಿಂದ ಎದೆಯ ಮೇಲೆ ಕುಳಿತದ್ದು ಆ ನಗುವಿನಲ್ಲಿ ಎದ್ದುಹೋಯಿತು.

ಮತ್ತೆ ದುರ್ಬೀನಿಗೆ ಕಣ್ಣಿಟ್ಟು, ದಾರಿಹೋಕನೆಂದು ತಳ್ಳಿಹಾಕಿದ್ದ ಮೂರನೆಯ ಚುಕ್ಕೆಯನ್ನು ನೋಡಿದರು. ಹುಡುಗನಾಗಿದ್ದಾಗ ಕಂಡ ಜಾಗದಲ್ಲೇ ಅರುಂಧತಿ ಇದ್ದಳು.

ಮೇಲೆದ್ದು ಪಂಚೆ ಸರಿಮಾಡಿಕೊಂಡರು. ಹೆಂಡತಿಯ ಹಿಟ್ಟಿನ ಕೈ ಹಿಡಿದು, ಮದುವೆಯಲ್ಲಿ ನಿಲ್ಲಿಸುವಂತೆಯೇ ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿದರು. ಬೆರಳೆತ್ತಿ ಏಳು ಋಷಿಗಳನ್ನೂ ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ತೋರಿಸಿದರು, ವಸಿಷ್ಠನ ಹತ್ತಿರ ನಿಂತರು.

"ಈಗ ಅವನ ಮಗ್ಗಲಕ್ಕ ನೋಡು. ಕಂಡಳೇನು?"

ಕೆಳಗಿನಿಂದ ರೊಟ್ಟಿಯ ವಾಸನೆ ಬರುತ್ತಿತ್ತು. ಭಟ್ಟರ ಹೊಟ್ಟೆ ಗುರ್ರೆಂದಿತು.

"ತಡೀರಿ" ಎಂದಳು ಸುಂದರಾಬಾಯಿ, ಮೇಲಿನಿಂದ ಕಣ್ಣು ಕೀಳದೆ. "ಇನ್ನೂ ನೋಡ್ಲಿಕ್ಕೆ ಹತ್ತೀನಿ."

ಅರುಂಧತಿ ಭಟ್ಟರು ಹಸಿದುಕೊಂಡು ಅವಳ ಕೈ ಹಿಡಿದೇ ನಿಂತರು.