ಎರಡು ಮೊಳ ನೀರು

“ಜುಲೈ ನಾಲ್ಕು. ಬಾವಿಯ ನೀರು ಇಪ್ಪತ್ತು ಮೊಳ ಆಳದಲ್ಲಿದೆ, ಹೋದ ವರ್ಷಕ್ಕಿಂತ ಎರಡು ಮೊಳ ಮೇಲೆ. ಇಂಗುಗುಂಡಿಯ ಫಲ.” ಹನ್ನೊಂದು ವರ್ಷ ಹಿಂದಿನ ನನ್ನ ಡೈರಿಯ ಈ ಸಾಲನ್ನು ಗುಡೇಕೋಟೆಯ ನಮ್ಮ ಹೊಲದಲ್ಲಿ ನಿಂತು ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಪರಿಸರ ನಿರ್ವಹಣೆಯ ತರಬೇತಿಗೆಂದು ಹಲವು ದೇಶಗಳಿಂದ ಬಂದಿದ್ದ ಎಂಜಿನಿಯರರು ನನ್ನ ಗುಂಡಿಯನ್ನು ತಮ್ಮ ವರದಿಗೆ ಉದಾಹರಣೆಯಾಗಿ ಬರೆದುಕೊಳ್ಳುತ್ತಿದ್ದರು. ಬಾವಿಯ ನೀರಿನಲ್ಲಿ ಮೋಡವೊಂದು ಮೆಲ್ಲಗೆ ಸರಿಯುತ್ತಿತ್ತು. ನಾನೂ ಅದರ ಜೊತೆ ತೇಲುತ್ತಿದ್ದೆ.

ಇಥಿಯೋಪಿಯಾದ ಹೆಣ್ಣುಮಗಳೊಬ್ಬಳು ಬಾವಿಯ ಆಳ ನೋಡಲು ಮೊಳಕ್ಕೊಂದು ಗಂಟು ಹಾಕಿದ್ದ ನನ್ನ ಹಗ್ಗವನ್ನು ಎತ್ತಿಕೊಂಡು, ಒಂದು ಗಂಟಿನಿಂದ ಇನ್ನೊಂದು ಗಂಟಿಗೆ ತನ್ನ ಮೊಳಕೈ ಇಟ್ಟು ನೋಡಿದಳು.

“ಮೇಡಂ, ಇದು ಯಾರ ಕೈಯ ಅಳತೆ?”

“ನನ್ನದೇ. ಹಿಂದಿನ ಹಗ್ಗ ನಮ್ಮತ್ತೆಯ ಕೈಯ ಅಳತೆಯದು. ಅವರು ತೀರಿಕೊಂಡ ಮೇಲೆ ಇದನ್ನು ಮಾಡಿದೆ.”

“ಗುಂಡಿ ತೋಡಿಸಿದ್ದು ಯಾವಾಗ?”

“ಅದೇ ವರ್ಷ,” ಎಂದೆ.

ಪಕ್ಕದಲ್ಲಿದ್ದ ಸೊಸೆ ಸೆರಗನ್ನು ಬಾಯಿಗೆ ಹಿಡಿದಳು. “ಅತ್ತೀ, ನಿಮ್ಮತ್ತಿ ನಿಮ್ಮ ಹೆಗಲಿಗೂ ಬರ್ತಿದ್ದಿಲ್ಲ ಅಂತ ನೀವ ಹೇಳ್ತೀರಲ್ರಿ!”

ಕುಳ್ಳಗಿದ್ದ ಅತ್ತೆಯ ಮೊಳ ಚಿಕ್ಕದು, ನನ್ನದು ಉದ್ದ. ಅವರ ಕೈಯಲ್ಲಿ ಇಪ್ಪತ್ತೆರಡಾದ ಆಳ ನನ್ನ ಕೈಯಲ್ಲಿ ಇಪ್ಪತ್ತಾಗಿತ್ತು. ನೀರು ಇದ್ದಲ್ಲೇ ಇತ್ತು.

ಎಲ್ಲರೂ ಪೆನ್ನು ಹಿಡಿದು ನನ್ನ ಮುಖ ನೋಡಿದರು. “ಬರೆದದ್ದನ್ನು ಹೊಡೆದುಹಾಕಿ,” ಎಂದು ನಾನೇ ಹೇಳಿದೆ.

ಅವರ ತರಬೇತಿಗೆ ನಾನು ತೆತ್ತದ್ದು ಎರಡು ಮೊಳ ನೀರು, ಹನ್ನೊಂದು ವರ್ಷದ ಜಂಬ. ಅಷ್ಟೂ ಜನರಿಗೆ ಜೋಳದ ರೊಟ್ಟಿಯ ಊಟ ಬೇರೆ.